ಗಟ್ಟಿಯಾಗುವ ಎಣ್ಣೆ

ಸೂಜಿಗಲ್ಲಿಗೆ ಸಂಸ್ಕೃತದಲ್ಲಿ ಅಯಸ್ಕಾಂತವೆಂದು ಹೆಸರು. ಅಯಸ್ಸು ಎಂದರೆ ಕಬ್ಬಿಣ, ಕಾಂತನೆಂದರೆ ಪ್ರಿಯ. ಕನ್ನಡ ಬೋಧಿಸಿ ನಿವೃತ್ತನಾದ ನನಗೆ ಈ ಪದದ ಮೇಲಿರುವ ಅಕ್ಕರೆಯೇ ಇಂದಿನ ವಿಷಯದ ಕಡೆಗೆ ಎಳೆಯಿತು. ಕೆಲವು ಕಾರುಗಳಲ್ಲಿ 'ಮ್ಯಾಗ್ನೆಟಿಕ್ ಸಸ್ಪೆನ್ಷನ್' ಎಂಬ ವ್ಯವಸ್ಥೆಯಿದೆ. ಹೆಸರನ್ನು ಕೇಳಿದವರು, ಕಾಂತಶಕ್ತಿಯ ಬಲದಿಂದ ಗಾಡಿ ತೇಲುತ್ತದೆಯೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅಲ್ಲಿ ಕಾಂತಶಕ್ತಿ ಯಾವ ಭಾರವನ್ನೂ ಹೊರುವುದಿಲ್ಲ. ಅದು ಮಾಡುವ ಕೆಲಸ ಒಂದೇ: ಎಣ್ಣೆಯನ್ನು ಗಟ್ಟಿ ಮಾಡುವುದು.

ಗಾಡಿಯ ಭಾರವನ್ನು ಹೊರುವುದು ಕುದುರೆ ಸಾರೋಟಿನ ಕಾಲದಂತೆಯೇ ಉಕ್ಕಿನ ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಒಂದು ದೋಷವುಂಟು. ಒಮ್ಮೆ ಅದುಮಿದರೆ ಅದು ಸುಮ್ಮನಾಗದೆ ಕುಣಿಯುತ್ತಲೇ ಇರುತ್ತದೆ. ಈ ಕುಣಿತವನ್ನು ಅಡಗಿಸುವುದಕ್ಕೆ ಅದರ ಜೊತೆಗೆ 'ಶಾಕ್ ಅಬ್ಸಾರ್ಬರ್' ಇರುತ್ತದೆ. ಎಣ್ಣೆ ತುಂಬಿದ ಕೊಳವೆಯೊಳಗೆ ಪಿಸ್ಟನ್ ಚಲಿಸುವಾಗ, ಎಣ್ಣೆ ಸಣ್ಣ ರಂಧ್ರಗಳ ಮೂಲಕ ಕಷ್ಟಪಟ್ಟು ನುಗ್ಗುತ್ತದೆ. ಚಲನೆಯ ಶಕ್ತಿ ಶಾಖವಾಗಿ ಕರಗುತ್ತದೆ. ಈ ತಡೆ ಮೃದುವಾಗಿದ್ದರೆ ಪ್ರಯಾಣ ಸುಖಕರ. ಆದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಬಿಗಿಯಾಗಿದ್ದರೆ ಗಾಡಿ ಸ್ಥಿರ. ಆದರೆ ಹಳ್ಳದಿಣ್ಣೆಗಳ ಪೆಟ್ಟೆಲ್ಲ ಬೆನ್ನಿಗೆ ತಲಪುತ್ತದೆ. ಒಂದೇ ಎಣ್ಣೆ ಮೃದುವೂ ಬಿಗಿಯೂ ಆಗುವುದು ಹೇಗೆ?

ಉತ್ತರ ಬಂದದ್ದು ಕಾರಿನ ಕಾರ್ಖಾನೆಯಿಂದಲ್ಲ. 1910ರಲ್ಲಿ ಖಾರ್ಕಿವ್ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಹೋದ ಜೇಕಬ್ ರಾಬಿನೋ, ಅಲ್ಲಿನ ಸರ್ಕಾರದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದ. ಆತನಿಗೆ ಆಗ ಬೇಕಾಗಿದ್ದದ್ದು ಯಂತ್ರಗಳಿಗೆ ಒಂದು ಹೊಸ ಬಗೆಯ ಕ್ಲಚ್. ಅದಕ್ಕಾಗಿ ಆತ ಎಣ್ಣೆಯಲ್ಲಿ ನುಣುಪಾದ ಕಬ್ಬಿಣದ ಪುಡಿಯನ್ನು ಬೆರೆಸಿದ. ಸುತ್ತಲಿನ ತಂತಿಸುರುಳಿಯಲ್ಲಿ ವಿದ್ಯುತ್ ಹರಿದೊಡನೆ, ಚದುರಿದ್ದ ಕಣಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲುಗಟ್ಟಿ ನಿಂತವು. ಎಣ್ಣೆ ಹರಿಯುವ ಸ್ವಭಾವವನ್ನು ಬಿಟ್ಟು ಗಟ್ಟಿಯಾಯಿತು. ವಿದ್ಯುತ್ ನಿಂತೊಡನೆ ಸಾಲು ಮುರಿದು, ಎಣ್ಣೆ ಮತ್ತೆ ಎಣ್ಣೆಯೇ ಆಯಿತು. ಬೇಕಾದಷ್ಟು ವಿದ್ಯುತ್ ಹರಿಸಿದರೆ ಬೇಕಾದಷ್ಟು ಬಿಗಿ. 1948ರಲ್ಲಿ ಆತ ಇದನ್ನು ಕುರಿತು ಪ್ರಬಂಧ ಪ್ರಕಟಿಸಿದ. 1951ರಲ್ಲಿ ಪೇಟೆಂಟ್ ದೊರೆಯಿತು.

ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ಈ ಎಣ್ಣೆಗೆ ಹೆಚ್ಚಿನ ಗಿರಾಕಿಗಳಿರಲಿಲ್ಲ. ಕಾರಣಗಳು ಸ್ಪಷ್ಟ. ಕಬ್ಬಿಣ ಎಣ್ಣೆಗಿಂತ ಭಾರ; ನಿಂತಲ್ಲಿ ತಳಕ್ಕಿಳಿಯುತ್ತದೆ. ಕಣಗಳು ಪಿಸ್ಟನ್ನಿನ ಅಂಚನ್ನೂ ಸೀಲುಗಳನ್ನೂ ಉಜ್ಜಿ ಸವೆಸುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ: ಎಣ್ಣೆ ಕ್ಷಣಾರ್ಧದಲ್ಲಿ ಗಟ್ಟಿಯಾಗಬಲ್ಲದು, ಸರಿ, ಗಟ್ಟಿಯಾಗೆಂದು ಅಷ್ಟೇ ಬೇಗ ಅಪ್ಪಣೆ ಕೊಡುವವರು ಯಾರು? ಚಕ್ರ ಹಳ್ಳಕ್ಕಿಳಿದದ್ದನ್ನು ಅರಿತು, ಲೆಕ್ಕ ಹಾಕಿ, ವಿದ್ಯುತ್ತನ್ನು ಹೆಚ್ಚಿಸಿ ತಗ್ಗಿಸಬಲ್ಲ ಚಿಕ್ಕ ಕಂಪ್ಯೂಟರು 1948ರಲ್ಲಿ ಯಾವ ಕಾರಿನಲ್ಲೂ ಇರಲಿಲ್ಲ. ಓಲೆಗರಿಯಲ್ಲಿ ಮಲಗಿದ ಕಾವ್ಯ ಒಬ್ಬ ಓದುಗನಿಗಾಗಿ ಕಾಯುತ್ತದೆ. ಯಂತ್ರದ ಕಲ್ಪನೆಯಾದರೋ ತನ್ನ ಜೊತೆಗಾರ ಯಂತ್ರಗಳು ಹುಟ್ಟುವವರೆಗೂ ಕಾಯಬೇಕಾಗುತ್ತದೆ.

ಅಮೆರಿಕದ ಲಾರ್ಡ್ ಕಂಪನಿ 1990ರ ದಶಕದಲ್ಲಿ ಈ ದ್ರವವನ್ನು ಸುಧಾರಿಸಿತು. ಸುಖ ಮೊದಲು ಸಂದದ್ದು ಸಿರಿವಂತರಿಗಲ್ಲವೆಂಬುದು ಸಂತೋಷದ ಮಾತು: 1998ರಲ್ಲಿ ಅದನ್ನು ಅಳವಡಿಸಿದ್ದು ಲಾರಿ ಚಾಲಕರ ಆಸನಗಳಿಗೆ. 2002ರಲ್ಲಿ ಡೆಲ್ಫಿ ಕಂಪನಿಯ 'ಮ್ಯಾಗ್ನೆರೈಡ್' ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಬಂದಿತು. ಆಮೇಲೆ ಫೆರಾರಿ, ಆಡಿ ಮೊದಲಾದವೂ ಇದನ್ನು ಕೈಗೊಂಡವು. ಅಲ್ಲಿ ಪಿಸ್ಟನ್ನಿನೊಳಗೇ ತಂತಿಸುರುಳಿಯಿದೆ. ಸೆಕೆಂಡಿಗೆ ಸಾವಿರ ಸಲದವರೆಗೆ ಎಣ್ಣೆಯ ಬಿಗಿಯನ್ನು ಹೊಂದಿಸಬಹುದು.

ವಿದ್ಯುತ್ಕಾಂತದಿಂದಲೇ ಚಕ್ರಗಳನ್ನು ಏರಿಳಿಸುವ ಇನ್ನೊಂದು ಸಾಹಸವೂ ನಡೆಯಿತು. ಬಂಗಾಳಿ ದೇಶಭಕ್ತನ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ 1980ರಲ್ಲಿ ಅದನ್ನು ಆರಂಭಿಸಿದರು. 2004ರಲ್ಲಿ ಪ್ರದರ್ಶಿಸಿದ ಅವರ ಕಾರು ಅಡ್ಡವಿಟ್ಟ ಹಲಗೆಯನ್ನು ಜಿಗಿದು ದಾಟಿತು. ಆದರೆ ತೂಕವೂ ವೆಚ್ಚವೂ ಹೆಚ್ಚಾಗಿ ಅದು ಮಾರುಕಟ್ಟೆಗೆ ಬರಲಿಲ್ಲ. ಗೆದ್ದದ್ದು ಬಲಪ್ರದರ್ಶನ ಮಾಡದ ಎಣ್ಣೆ.

ರಾಬಿನೋ ತನ್ನ ಜೀವಮಾನದಲ್ಲಿ 230 ಅಮೆರಿಕನ್ ಪೇಟೆಂಟುಗಳನ್ನು ಪಡೆದ; ಅಕ್ಷರಗಳನ್ನು ಓದುವ ಯಂತ್ರವನ್ನೂ ನಿರ್ಮಿಸಿದ. ಆದರೆ ತನ್ನ ಎಣ್ಣೆಯ ಮೇಲೆ ಸಾಗುವ ಕಾರನ್ನು ಆತ ಕಾಣಲಿಲ್ಲ. 17 ವರ್ಷಗಳ ಪೇಟೆಂಟ್ 1968ರಲ್ಲೇ ಮುಗಿದಿತ್ತು. 1999ರಲ್ಲಿ ಆತನೂ ತೀರಿಕೊಂಡ. ಸಂಶೋಧನೆಗೆ ಹಣ ಕೊಡುವವರು ಇದರಿಂದ ಈಗ ಏನು ಪ್ರಯೋಜನವೆಂದು ಕೇಳುವುದು ವಾಡಿಕೆ. 1951ರಲ್ಲಿ ಆ ಪ್ರಶ್ನೆಯನ್ನು ಕೇಳಿದ್ದರೆ ಹೇಳಿಕೊಳ್ಳುವಂಥ ಉತ್ತರ ಸಿಗುತ್ತಿರಲಿಲ್ಲ. ಸರ್ಕಾರಿ ಪ್ರಯೋಗಾಲಯವೊಂದು ತನ್ನ ತಿಳಿವನ್ನು ಮುಚ್ಚಿಡದೆ ಅಚ್ಚುಮಾಡಿಸಿತು. ಐವತ್ತು ವರ್ಷಗಳ ಅನಂತರ ಬಂದವರಿಗೆ ಅದು ಓದಲು ಸಿಕ್ಕಿತು.