ಕೂಲಿಯನ್ನು ಬೆಳ್ಳಿಯಲ್ಲಿ ತೂಗಬೇಕೋ, ಕಾಳಿನಲ್ಲೋ?

ಊರಿಗೆ ಹೋದಾಗ ಜಗಲಿಯಲ್ಲಿ ಕೂತ ಹಿರಿಯರು ಕೇಳುವ ಮೊದಲ ಪ್ರಶ್ನೆ "ಯಾವಾಗ ಬಂದೆ?" ಎಂಬುದು. ಎರಡನೆಯದು "ಅಲ್ಲಿ ಸಂಬಳ ಎಷ್ಟು?" ಅಂಕಿ ಹೇಳಿದೊಡನೆ ಅವರ ಹುಬ್ಬು ಮೇಲೇರುತ್ತದೆ. "ಖರ್ಚೂ ಹಾಗೇ ಇದೆ" ಎಂದು ನಾವು ಸೇರಿಸುತ್ತೇವೆ. ಆ ಮಾತನ್ನು ಅವರು ಪೂರ್ತಿ ನಂಬುವುದಿಲ್ಲ. ಎರಡು ಊರಿನ ಕೆಲಸಗಾರರಲ್ಲಿ ಯಾರ ಗಳಿಕೆ ಹೆಚ್ಚು ಎಂಬ ಈ ಜಗಲಿಯ ತಕರಾರು ಇತಿಹಾಸಕಾರರನ್ನೂ ಬಹುಕಾಲದಿಂದ ಕಾಡಿದೆ. ಅವರಲ್ಲೂ ಇದು ತೀರಿಲ್ಲ.

ನಮ್ಮ ದೇಶದ ಮಟ್ಟಿಗೆ ಈ ಲೆಕ್ಕ ಸಾಮಾನ್ಯವಾಗಿ ಆರಂಭವಾಗುವುದು ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಿಂದ. ಸುಮಾರು 1595ರ ಈ ಗ್ರಂಥದಲ್ಲಿ ಬಾದಶಹನ ಕಟ್ಟಡಗಳಲ್ಲಿ ದುಡಿದವರ ದಿನಗೂಲಿಯೂ ಇದೆ, ದಿನಸಿಯ ದರವೂ ಇದೆ. ಮೊದಲ ದರ್ಜೆಯ ಬಡಗಿಗೆ ದಿನಕ್ಕೆ 7 ದಾಮು, ಸಾಧಾರಣ ಕೂಲಿಯಾಳಿಗೆ 2 ದಾಮು. ರೂಪಾಯಿಗೆ 40 ದಾಮು. ಗೋಧಿ ಮಣಕ್ಕೆ 12 ದಾಮು, ಜವೆ 8, ತುಪ್ಪ 105. ಅಂದಿನ ಮಣವೆಂದರೆ ಈಗಿನ ಸುಮಾರು 25 ಕಿಲೋ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರೆ, ಕೂಲಿಯಾಳಿನ 2 ದಾಮಿಗೆ ನಾಲ್ಕು ಕಿಲೋಗೆ ತುಸು ಮೇಲೆ ಗೋಧಿ ಬರುತ್ತಿತ್ತು. ತುಪ್ಪವನ್ನೇ ಕೊಳ್ಳುವ ಮನಸ್ಸಾದರೆ ಅರ್ಧ ಕಿಲೋ! ಬಡಗಿಯ ಕೂಲಿಗೆ ಹದಿನಾಲ್ಕು ಕಿಲೋ ಗೋಧಿ. ಇವು ದರಬಾರಿನ ದರಗಳು; ದೂರದ ಹಳ್ಳಿಯಲ್ಲೂ ಇಷ್ಟೇ ಸಿಗುತ್ತಿತ್ತೆಂದು ತಿಳಿಯಬಾರದು.

ಇದೇ 2 ದಾಮನ್ನು ಬೆಳ್ಳಿಯಲ್ಲಿ ತೂಗಿದರೆ ಚಿತ್ರ ಬದಲಾಗುತ್ತದೆ. ರೂಪಾಯಿಯಲ್ಲಿ ಸುಮಾರು ಹನ್ನೊಂದೂವರೆ ಗ್ರಾಂ ಬೆಳ್ಳಿ ಇತ್ತು. ಕೂಲಿಯಾಳಿನ ಪಾಲು ಅರ್ಧ ಗ್ರಾಮಿಗೆ ತುಸು ಮೇಲೆ. ಸ್ಟೀಫನ್ ಬ್ರಾಡ್ಬೆರಿ ಮತ್ತು ಬಿಷ್ಣುಪ್ರಿಯಾ ಗುಪ್ತಾ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ಕಾಲದ ಭಾರತದ ಕೂಲಿ ಬೆಳ್ಳಿಯ ಲೆಕ್ಕದಲ್ಲಿ ಇಂಗ್ಲೆಂಡಿನ ಕೂಲಿಯ ಐದರಲ್ಲಿ ಒಂದು ಪಾಲು; ಕಾಳಿನ ಲೆಕ್ಕದಲ್ಲಿ ಐದರಲ್ಲಿ ನಾಲ್ಕು ಪಾಲು. ಕೂಲಿ ಅದೇ, ಆಳು ಅವನೇ. ತಕ್ಕಡಿ ಮಾತ್ರ ಬೇರೆ.

ಕಾರಣ ಗಹನವಾದದ್ದೇನಲ್ಲ. ಹಡಗಿನಲ್ಲಿ ಸುಲಭವಾಗಿ ಸಾಗುವ ಬೆಳ್ಳಿ, ಬಟ್ಟೆ, ಮೆಣಸುಗಳ ಬೆಲೆ ಊರಿಂದೂರಿಗೆ ಅಷ್ಟಾಗಿ ಬೇರೆಯಾಗದು. ಭಾರದ ಕಾಳು ಬೆಳೆದಲ್ಲೇ ಅಗ್ಗ. ಗಾಡಿಯಲ್ಲಿ ಹೇರಿ ದೂರ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಇಂದಿಗೂ ಟಿ.ವಿ.ಯ ಬೆಲೆ ಹುಬ್ಬಳ್ಳಿಯಲ್ಲೂ ಮುಂಬಯಿಯಲ್ಲೂ ಹೆಚ್ಚುಕಡಿಮೆ ಒಂದೇ. ಕ್ಷೌರದ ದರ ಒಂದೇ ಅಲ್ಲ, ಮನೆ ಬಾಡಿಗೆಯಂತೂ ಕೇಳುವುದೇ ಬೇಡ.

ಇದು ಬರೀ ಅಂಕಿಯ ಆಟವಲ್ಲ. ಭಾರತದ ಬಟ್ಟೆ ಜಗತ್ತಿನ ಪೇಟೆಯನ್ನು ಗೆದ್ದದ್ದು ಇಲ್ಲಿನ ನೇಕಾರ ಅರೆಹೊಟ್ಟೆಯಲ್ಲಿ ದುಡಿಯುತ್ತಿದ್ದುದರಿಂದ ಎಂಬ ಮಾತು ಬಹಳ ಹಳೆಯದು. ಪ್ರಸನ್ನನ್ ಪಾರ್ಥಸಾರಥಿ 1998ರಲ್ಲಿ ಇದನ್ನು ಅಲ್ಲಗಳೆದರು. ದಕ್ಷಿಣ ಭಾರತದ ನೇಕಾರನ ಹಣದ ಕೂಲಿ ಕಡಿಮೆಯಿದ್ದರೂ ಅಕ್ಕಿ ಅಗ್ಗವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಅವನ ಊಟ ಇಂಗ್ಲೆಂಡಿನ ನೇಕಾರನ ಊಟಕ್ಕೆ ಸಾಟಿಯಾಗಿತ್ತು ಎಂದು ಅವರ ವಾದ. ಬ್ರಾಡ್ಬೆರಿ ಮತ್ತು ಗುಪ್ತಾ ಇದನ್ನು ಒಪ್ಪಲಿಲ್ಲ. ಆ ಹೊತ್ತಿಗೆ ಕಾಳಿನ ಲೆಕ್ಕದಲ್ಲೂ ನಾವು ಹಿಂದೆ ಬಿದ್ದಿದ್ದೆವು ಎಂದು ಅವರ ಅಂಕಿಗಳು ಹೇಳುತ್ತವೆ. ನಾವು ಮೊದಲಿನಿಂದ ಬಡವರೋ, ಆಮೇಲೆ ಬಡವರಾದೆವೋ ಎಂಬುದು ಈ ಜಗಳದ ತಿರುಳು. ನನಗೆ ಪಾರ್ಥಸಾರಥಿಯವರ ಕಡೆ ಮನಸ್ಸು ವಾಲುತ್ತದೆ. ಆದರೆ ಮನಸ್ಸು ವಾಲುವುದು ಸಾಕ್ಷ್ಯವಲ್ಲ.

ಕಾಳು ಒಂದೇ ಸಾಕೆ? ಉಪ್ಪು, ಎಣ್ಣೆ, ಸೌದೆ, ಬಟ್ಟೆ ಬೇಡವೇ? ರಾಬರ್ಟ್ ಅಲೆನ್ ಎಂಬ ವಿದ್ವಾಂಸರು ಇದಕ್ಕಾಗಿ ಒಂದು ಬುಟ್ಟಿಯನ್ನೇ ಕಟ್ಟಿದರು. ಒಬ್ಬ ಮನುಷ್ಯನ ವರ್ಷದ ಕಾಳು, ಬೇಳೆ, ಜಿಡ್ಡು, ಸಾಬೂನು, ದೀಪದ ಎಣ್ಣೆ, ಉರುವಲು, ಮೂರು ಮೀಟರು ಬಟ್ಟೆ. ಲಂಡನ್ನಿಗೆ ಓಟ್ಸ್, ಬಂಗಾಳಕ್ಕೆ ಅಕ್ಕಿ, ಹೀಗೆ ಆಯಾ ಊರಿನ ಅಗ್ಗದ ಕಾಳು. ಗಂಡಸಿನ ವರ್ಷದ ಗಳಿಕೆಯಲ್ಲಿ ಅವನ ಸಂಸಾರಕ್ಕೆ ಇಂಥ ಬುಟ್ಟಿ ಎಷ್ಟು ಪಾಲು ಬರುತ್ತದೆಂದು ನೋಡಿದರೆ ಊರುಗಳನ್ನು ಹೋಲಿಸಬಹುದು. ಹಾಗೆ ನೋಡಿದಾಗ ಹದಿನೆಂಟನೆಯ ಶತಮಾನದ ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗಳು ಮುಂದಿದ್ದವು. ಬೀಜಿಂಗಿನ ಕೂಲಿಯೂ ಮಿಲಾನಿನ ಕೂಲಿಯೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಗಂಡಸಿನ ಗಳಿಕೆಯನ್ನಷ್ಟೇ ಹಿಡಿದು ಹೆಂಗಸರ, ಮಕ್ಕಳ ದುಡಿಮೆಯನ್ನು ಬಿಟ್ಟರೆಂದು ಜೇನ್ ಹಂಫ್ರೀಸ್ ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ.

ಅಲೆನ್ ಅವರ ಬುಟ್ಟಿಯಲ್ಲಿ ಮನೆ ಬಾಡಿಗೆಗೆ ಇಟ್ಟದ್ದು ಉಳಿದ ಖರ್ಚಿನ ಮೇಲೆ ನೂರಕ್ಕೆ ಐದು. ಓದುಗರು ನಗಬಹುದು. ಆದರೆ ನಮ್ಮ ಮುಂಬಯಿಯ ಹಳೆಯ ಲೆಕ್ಕವೂ ಇದಕ್ಕಿಂತ ತೀರ ದೂರವಿಲ್ಲ. ಮುಂಬಯಿ ಸರ್ಕಾರದ ಲೇಬರ್ ಆಫೀಸು 1921-22ರಲ್ಲಿ ಕಾರ್ಮಿಕ ಸಂಸಾರಗಳ ಆಯವ್ಯಯವನ್ನು ಮನೆಮನೆಗೆ ಹೋಗಿ ಬರೆದುಕೊಂಡಿತು. ಫಿಂಡ್ಲೆ ಶಿರ್ರಾಸ್ ಬರೆದ ವರದಿ 1923ರಲ್ಲಿ ಹೊರಬಂತು. ನೂರು ರೂಪಾಯಿ ಖರ್ಚಿನಲ್ಲಿ ಊಟಕ್ಕೆ 56.8, ಬಟ್ಟೆಗೆ 9.6, ಉರುವಲು ಮತ್ತು ದೀಪಕ್ಕೆ 7.4, ಬಾಡಿಗೆಗೆ 7.7. ಎಷ್ಟು ಅಗ್ಗ ಎನಿಸುತ್ತದೆ. ಅದೇ ವರದಿಯ ಇನ್ನೊಂದು ಅಂಕಿ ನೋಡಿ: ಆ ಸಂಸಾರಗಳಲ್ಲಿ ನೂರಕ್ಕೆ 97 ಒಂದೇ ಖೋಲಿಯಲ್ಲಿದ್ದವು. ಬಾಡಿಗೆ ಕಡಿಮೆಯಾದದ್ದು ಮನೆ ಅಗ್ಗವಾಗಿದ್ದರಿಂದಲ್ಲ. ಅಡಿಗೆ, ನಿದ್ದೆ, ಬಾಣಂತನ ಎಲ್ಲವೂ ನಾಲ್ಕು ಗೋಡೆಯ ಒಳಗೆ ಮುಗಿಯುತ್ತಿದ್ದುದರಿಂದ. ಜನ ಏನನ್ನು ಕೊಂಡರು ಎಂಬುದನ್ನು ಬುಟ್ಟಿ ಹೇಳುತ್ತದೆ. ಏನಿಲ್ಲದೆ ಬದುಕಿದರು ಎಂಬುದನ್ನು ಹೇಳುವುದಿಲ್ಲ.

ಸಂಸಾರವನ್ನು ಊರಲ್ಲೇ ಬಿಟ್ಟು ಬಂದ ಒಂಟಿ ಗಂಡಸರ ಲೆಕ್ಕವನ್ನೂ ಆ ವಿಚಾರಣೆ ಬೇರೆಯಾಗಿ ತೆಗೆದಿತ್ತು. ಅವರು ಗಳಿಸಿದ್ದರಲ್ಲಿ ಸುಮಾರು ಕಾಲು ಭಾಗ ಊರಿಗೆ ಹೋಗುತ್ತಿತ್ತು. ಆ ಕಾಲು ಭಾಗಕ್ಕೆ ಮುಂಬಯಿಯ ದರ ಅನ್ವಯಿಸದು. ಅದು ಅಕ್ಕಿಯಾಗುತ್ತಿದ್ದುದು ಹಳ್ಳಿಯ ಸಂತೆಯಲ್ಲಿ. ಉಳಿದ ಮುಕ್ಕಾಲು ಭಾಗ ಕರಗುತ್ತಿದ್ದುದು ಗಿರಣಿಯ ಪಕ್ಕದ ಖಾನಾವಳಿಯಲ್ಲಿ, ಚಾಳಿನ ಬಾಡಿಗೆಯಲ್ಲಿ. ಒಬ್ಬನೇ ಆಳಿಗೆ ಎರಡು ತಕ್ಕಡಿ. ಜಗಲಿಯ ಹಿರಿಯರು ನೋಡಿದ್ದು ಮನಿಯಾರ್ಡರಿನ ತಕ್ಕಡಿಯನ್ನು. ಅವರ ಹುಬ್ಬು ಮೇಲೇರಿದ್ದರಲ್ಲಿ ತಪ್ಪಿಲ್ಲ. 1914ರ ಜುಲೈ ತಿಂಗಳನ್ನು 100 ಎಂದು ಹಿಡಿದು ಲೇಬರ್ ಆಫೀಸು ತಿಂಗಳು ತಿಂಗಳು ಪ್ರಕಟಿಸುತ್ತಿದ್ದ ಸೂಚ್ಯಂಕ ಮುಂಬಯಿ ಪೇಟೆಯದು. ಆ ಹಳ್ಳಿಯ ಸಂತೆಯ ದರಕ್ಕೆ ಅದರಲ್ಲಿ ಜಾಗವಿರಲಿಲ್ಲ.