ರಾಣಿಯ ಹಲ್ಲು, ಬಡವನ ಹಲ್ಲು

1578ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ ಹಲ್ಲುನೋವಿನಿಂದ ನಿದ್ದೆಯಿಲ್ಲದೆ ರಾತ್ರಿಗಳನ್ನು ಕಳೆದಳು. ವೈದ್ಯರಿಗೆ ಕೊರತೆಯಿರಲಿಲ್ಲ, ಹಣಕ್ಕಂತೂ ಇಲ್ಲವೇ ಇಲ್ಲ. ಆದರೂ ಹಲ್ಲು ಕೀಳಿಸಿಕೊಳ್ಳಲು ಆಕೆ ಅಂಜಿದಳು. ಕೊನೆಗೆ ಲಂಡನ್ನಿನ ಬಿಷಪ್ ಜಾನ್ ಐಲ್ಮರ್, ಮುದುಕನಾದ ತನಗೆ ಉಳಿದಿರುವ ಹಲ್ಲುಗಳೇ ಕೆಲವು ಎನ್ನುತ್ತಲೇ, ಆಕೆಯ ಕಣ್ಣೆದುರಿಗೆ ತನ್ನದೊಂದನ್ನು ಕೀಳಿಸಿಕೊಂಡನಂತೆ. ಆಗ ರಾಣಿಗೆ ಧೈರ್ಯ ಬಂದಿತೆಂದು ಐಲ್ಮರನ ಚರಿತ್ರಕಾರ ಸ್ಟ್ರೈಪ್ ಬರೆದಿದ್ದಾನೆ. ರಾಜಭಕ್ತಿಗೆ ಇದಕ್ಕಿಂತ ನೋವಿನ ನಿದರ್ಶನವನ್ನು ನಾನರಿಯೆ!

ಬಡವನ ಸಲುವಾಗಿ ಹಲ್ಲು ಕೀಳಿಸಿಕೊಳ್ಳಲು ಯಾವ ಬಿಷಪ್ಪನೂ ಬರಲಿಲ್ಲ. 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು ನೋವಿಲ್ಲದೆ ಹಲ್ಲು ಕಿತ್ತ. ಅಂಜಿಕೆಗೆ ಮದ್ದು ದೊರೆಯಿತು, ಖರ್ಚಿಗೆ ದೊರೆಯಲಿಲ್ಲ. ಬ್ರಿಟನ್ನಿನಲ್ಲಿ ಅದು ದೊರೆತದ್ದು 1948ರ ಜುಲೈ 5ರಂದು, ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ. ಚಿಕಿತ್ಸೆ ಉಚಿತವೆಂದೊಡನೆ ದಂತವೈದ್ಯರ ಬಾಗಿಲಲ್ಲಿ ಸರ್ಕಾರದ ಅಂದಾಜನ್ನೂ ಮೀರಿ ಜನ ನೆರೆದರು. ವರ್ಷಗಟ್ಟಲೆ ನೋವು ನುಂಗಿದ ಇವರನ್ನು ಅಂಜುಬುರುಕರೆಂದು ಹೇಗೆ ಕರೆಯೋಣ? 1951ರಲ್ಲಿ ಕೃತಕ ದಂತಪಂಕ್ತಿಗೆ ಅರ್ಧ ಬೆಲೆಯವರೆಗೆ ಶುಲ್ಕ ವಿಧಿಸಲು ಸರ್ಕಾರ ಹೊರಟಿತು. ಆ ಸೇವೆಯನ್ನು ಕಟ್ಟಿದ ಅನೈರಿನ್ ಬೆವನ್ ಮಂತ್ರಿಪದವಿಯನ್ನೇ ತ್ಯಜಿಸಿ ಹೊರನಡೆದ.