ಶಸ್ತ್ರಕ್ಕೆ ಮುಂಚಿನ ಮಾತು

ಕಳೆದ ಮಳೆಗಾಲದ ಕೊನೆಯಲ್ಲಿ ನಾನು ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಕಾಯಿಲೆ ನನ್ನದಲ್ಲ. ನಿಜ ಹೇಳಬೇಕೆಂದರೆ ಕಾಯಿಲೆ ಯಾರದೂ ಅಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವಳು ಒಂದು ಕಾಲಕ್ಕೆ ನನ್ನ ಶಾಲೆಯಲ್ಲಿ ಓದಿದವಳು. ಜೇವರ್ಗಿ ಕಡೆಯ ಒಕ್ಕಲು ಮನೆಯವಳು. ಹುಟ್ಟಿದಾಗ ಊರು ಆಕೆಯನ್ನು ಗಂಡೆಂದು ಕರೆಯಿತು. ಬುದ್ಧಿ ಬಂದಾಗಿನಿಂದ ಆಕೆ ತನ್ನನ್ನು ಹೆಣ್ಣೆಂದೇ ಬಲ್ಲಳು. ದೇಹವನ್ನು ಆ ಅರಿವಿಗೆ ಹೊಂದಿಸುವ ಶಸ್ತ್ರಕ್ರಿಯೆಗೆ ಮುಂಚೆ ಶಸ್ತ್ರವೈದ್ಯರೊಡನೆ ಸಮಾಲೋಚನೆ ಎಂದೊಂದು ಘಟ್ಟವಿದೆ. ಅದಕ್ಕೆ ಮನೆಯ ಕಡೆಯವರೊಬ್ಬರು ಜೊತೆಗಿದ್ದರೆ ಒಳ್ಳೆಯದೆಂದು ಆಸ್ಪತ್ರೆಯವರು ತಿಳಿಸಿದ್ದರು. ತಾಯಿ ರೈಲು ಹತ್ತಲಿಲ್ಲ. "ಗುರುಗಳೇ, ನಿಮ್ಮ ಉಡ್ಯಾಗ ಹಾಕೀನ್ರಿ" ಎಂದಷ್ಟೇ ಹೇಳಿ, ಬುತ್ತಿಯ ಗಂಟು ಕೈಗಿತ್ತು, ಕಲಬುರಗಿಯ ನಿಲ್ದಾಣದಿಂದ ಹಿಂತಿರುಗಿದಳು.

ವೈದ್ಯರು ಕಡತವನ್ನು ಪಕ್ಕಕ್ಕೆ ಸರಿಸಿ ಮೊದಲು ಕೇಳಿದ್ದು ಒಂದೇ ಮಾತು: "ನಿಮಗೆ ಏನು ಬೇಕಮ್ಮ?"

ಆಕೆ ಉತ್ತರಿಸಲಿಲ್ಲ. ನನ್ನ ಮುಖ ನೋಡಿದಳು. ಮೂವತ್ತರ ಅಂಚಿನಲ್ಲಿರುವ ಆ ಜೀವವನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಕೇಳದವರಲ್ಲಿ ನಾನೂ ಒಬ್ಬ. ನಾನು ಹುಟ್ಟಿದ್ದು ಆಳಂದದಲ್ಲಿ. ಮಾಸ್ತರಿಕೆ ಮಾಡಿದ್ದು ಬಹುಪಾಲು ಅಫಜಲಪುರ ತಾಲೂಕಿನಲ್ಲಿ. ಸೋದರಮಾವನ ಮನೆಯಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದ ಆ ಮಗು ಒಂದು ದಿನ ಹುಡುಗಿಯರ ಸಾಲಿನಲ್ಲಿ ಕುಳಿತಿತು. ನಾನು ಕಿವಿ ಹಿಡಿದೆಬ್ಬಿಸಿ ಹುಡುಗರ ಸಾಲಿಗೆ ನೂಕಿದೆ. ತರಗತಿಯೆಲ್ಲ ನಕ್ಕಿತು. ಎಂಟನೆಯ ಇಯತ್ತೆ ಮುಗಿಯುವ ಮೊದಲೇ ಹಾಜರಿ ಪುಸ್ತಕದಿಂದ ಆ ಹೆಸರು ಹೋಯಿತು. "ಯಾಕಪ್ಪಾ ಅಲ್ಲಿ ಕುಳಿತೆ?" ಎಂದು ಒಂದು ಮಾತು ಕೇಳಲು ನನಗೆ ತೋಚಿರಲಿಲ್ಲ.

ಆ ಕೊಠಡಿಯಲ್ಲಿ ಕುಳಿತಾಗ ಅನ್ನಿಸಿತು: ಇಂಥವರ ಚರಿತ್ರೆಯೆಂದರೆ ಬಹುಮಟ್ಟಿಗೆ ಕೇಳದೇ ಇದ್ದುದರ ಚರಿತ್ರೆ. ದೊರೆ, ಪೊಲೀಸು, ವೈದ್ಯ, ಗುರು ಎಲ್ಲರೂ ಅವರನ್ನು ಪರೀಕ್ಷಿಸಿದರು, ಕೇಳಿದವರು ವಿರಳ. ಆ ಪ್ರಶ್ನೆ ನಮ್ಮ ಭೀಮಾತೀರದವರೆಗೆ ಬಂದು ಮುಟ್ಟಿದ ದಾರಿ ಎಷ್ಟು ದೀರ್ಘವಾದುದು ಎಂಬುದನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ನಮ್ಮ ಭಾಗಕ್ಕೆ ಈ ವಿಷಯ ಹೊಸದಲ್ಲ. ಜೇವರ್ಗಿಯ ಷಣ್ಮುಖ ಶಿವಯೋಗಿ 'ಅಖಂಡೇಶ್ವರ' ಅಂಕಿತದಲ್ಲಿ ವಚನಗಳನ್ನು ಬರೆದವರು. ಶರಣನೇ ಸತಿ, ಲಿಂಗವೇ ಪತಿ ಎಂಬ ಭಾವ ಆ ಪರಂಪರೆಯ ಜೀವಾಳ. ಗಂಡಸು ಹೆಣ್ಣಾಗಿ ಹಂಬಲಿಸುವುದನ್ನು ನಾವು ಮಠದಲ್ಲಿ ಕೇಳಿ ತಲೆದೂಗುತ್ತೇವೆ. ಸಂತೆಯಲ್ಲಿ ಕಂಡರೆ ಸೀಟಿ ಹೊಡೆಯುತ್ತೇವೆ. ಉತ್ತರ ಕರ್ನಾಟಕದ ಜೋಗಪ್ಪಗಳಿಗಾದರೋ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಒಂದು ನೆಲೆ ದೊರೆತಿತ್ತು. ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಚೌಡಿಕೆ ನುಡಿಸುತ್ತ ಬದುಕುವ ಅವರ ರೂಢಿಯಲ್ಲಿ ಶಸ್ತ್ರಕ್ಕೆ ಸ್ಥಾನವಿಲ್ಲ. ದೇವಿ ಕರೆದರೆ ಸಾಕು. ಆ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಹೆಣ್ಣಾಗಲು ದೇಹವನ್ನು ಕೊಯ್ಯಲೇಬೇಕೆಂಬ ನಿಯಮ ಈ ನೆಲದ್ದಲ್ಲ ಎಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಇದಕ್ಕಿಂತ ಬೇರೆಯಾದುದು ಹಿಜಡಾ ಸಮುದಾಯದ 'ನಿರ್ವಾಣ'. ದಾಯಮ್ಮನೆಂದು ಕರೆಸಿಕೊಳ್ಳುವ ಹಿರಿಯಳು ಗುಟ್ಟಾಗಿ, ಅರಿವಳಿಕೆಯ ಮದ್ದಿಲ್ಲದೆ, ದೇವಿಯ ಹೆಸರು ಹೇಳಿ ನೆರವೇರಿಸುತ್ತಿದ್ದ ಕ್ರಿಯೆ ಅದು. ಬದುಕಿದವರಿಗೆ ಅದು ಮರುಹುಟ್ಟು. ಉಳಿಯದವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಇನ್ನು ಕಾಯಿದೆಯ ಮಾತು. 1860ರ ಭಾರತ ದಂಡಸಂಹಿತೆ ಘೋರ ಗಾಯಗಳ ಪಟ್ಟಿ ಕೊಡುವಾಗ ಮೊದಲನೆಯದಾಗಿ ಎಣಿಸಿದ್ದು ಪುರುಷತ್ವಹರಣವನ್ನು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಎರಡನೆಯ ಭಾಗ ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಇಂಥವರ ಹೆಸರುಗಳನ್ನು ಪೊಲೀಸು ಪಟ್ಟಿಗೆ ಸೇರಿಸಿತು. ಆಳಂದ, ಅಫಜಲಪುರ, ಜೇವರ್ಗಿಗಳು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದಲ್ಲಿ ಫಸಲಿ 1329ರಲ್ಲಿ, ಎಂದರೆ 1919ರ ಸುಮಾರಿಗೆ, ಅದೇ ಅಚ್ಚಿನ ಕಾಯಿದೆಯೊಂದು ಹೊರಟಿತು. ಹೈದರಾಬಾದು ನಗರದಲ್ಲಿ ಮತ್ತು ಸರಕಾರ ಗೊತ್ತುಪಡಿಸುವ ಇತರ ಸ್ಥಳಗಳಲ್ಲಿ ಸಂಶಯಕ್ಕೊಳಗಾದ 'ನಪುಂಸಕ'ರ ಹೆಸರು, ವಾಸಸ್ಥಳಗಳನ್ನು ಬರೆದಿಡಬೇಕು. ಹೆಸರು ದಾಖಲಾದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷಗಳವರೆಗೆ ಸೆರೆ.

ಈ ಕಾಯಿದೆಯ ಎರಡು ಮಾತುಗಳನ್ನು ಗಮನಿಸಬೇಕು. ನಪುಂಸಕನೆಂದರೆ ಯಾರು? ತಾನೇ ಒಪ್ಪಿಕೊಂಡವನು, ಇಲ್ಲವೇ ವೈದ್ಯಕೀಯ ತಪಾಸಣೆಯಲ್ಲಿ ಹಾಗೆಂದು ಕಂಡುಬಂದವನು. ಅಂದರೆ ನಮ್ಮ ಸೀಮೆಯ ಕಾನೂನಿನೊಳಗೆ ಇಂಥವರ ಮುಂದೆ ವೈದ್ಯ ಬಂದು ನಿಂತದ್ದು ಪೊಲೀಸರ ಸಾಕ್ಷಿಯಾಗಿ. ಆತ ನೋಡಬೇಕಿತ್ತು, ಕೇಳಬೇಕಿರಲಿಲ್ಲ. ಎರಡನೆಯದು, ಪುರುಷತ್ವಹರಣ ಮಾಡಿದವನಿಗೆ ಏಳು ವರ್ಷಗಳವರೆಗೆ ಸೆರೆ. ಅದು ಮಾಡಿಸಿಕೊಂಡವನ ಸಮ್ಮತಿಯಿಂದ ನಡೆದಿದ್ದರೂ ಅಷ್ಟೇ, ಸಮ್ಮತಿಯಿಲ್ಲದೆ ನಡೆದಿದ್ದರೂ ಅಷ್ಟೇ. ಬಾಲಕರ ಮೇಲಿನ ದೌರ್ಜನ್ಯವನ್ನು ತಡೆಯುವುದು ನ್ಯಾಯವೇ. ಆದರೆ ಬಯಸಿ ಬಂದವರ ಸಮ್ಮತಿಗೂ ಬೆಲೆಯಿಲ್ಲವೆಂದ ಮೇಲೆ ಬೆಳಕಿನಲ್ಲಿ ಕುಳಿತು ಅದನ್ನು ಕೇಳುವವರಾರು? ದಾಯಮ್ಮನ ಕತ್ತಲೆಯನ್ನು ಇನ್ನಷ್ಟು ಗಾಢವಾಗಿಸಿದ್ದರಲ್ಲಿ ಇಂಥ ಕಾಯಿದೆಗಳ ಪಾಲೂ ಇದೆ.

ಹೈದರಾಬಾದಿನಲ್ಲಿ ಈ ಕಾಯಿದೆ ಹುಟ್ಟಿದ ಕಾಲಕ್ಕೇ, 1919ರ ಜುಲೈಯಲ್ಲಿ, ಬರ್ಲಿನ್ನಿನಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನು ತೆರೆದ. ಅಲ್ಲಿ ಇಂಥವರನ್ನು ಕೂರಿಸಿ ಕೇಳುವ ಪದ್ಧತಿ ಬೆಳೆಯಿತು. ಆ ಸಂಸ್ಥೆಯಲ್ಲಿ ಮನೆಗೆಲಸಕ್ಕಿದ್ದ ಡೋರಾ ರಿಕ್ಟರಳಿಗೆ 1931ರಲ್ಲಿ ಸ್ತ್ರೀ ಅಂಗರಚನೆಯ ಶಸ್ತ್ರಕ್ರಿಯೆ ನಡೆಯಿತು. ಅದೇ ವರ್ಷ ಹಿರ್ಷ್‌ಫೆಲ್ಡ್ ಭಾರತಕ್ಕೂ ಬಂದು ಉಪನ್ಯಾಸಗಳನ್ನಿತ್ತ. 1933ರ ಮೇ ತಿಂಗಳಲ್ಲಿ ನಾಜಿಗಳು ಆ ಸಂಸ್ಥೆಗೆ ನುಗ್ಗಿ ಗ್ರಂಥಾಲಯವನ್ನು ಬೀದಿಗೆಳೆದು ಸುಟ್ಟರು. ಕೇಳಿ ಬರೆದಿಟ್ಟದ್ದೆಲ್ಲ ಹೀಗೆ ಬೂದಿಯಾಯಿತು.

ಶಸ್ತ್ರವೈದ್ಯದ ಇನ್ನೊಂದು ಎಳೆ ನಮ್ಮ ನಾಡಿಗೇ ಬಂದು ಸೇರುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯದ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಕಸುಬಿನವನೊಬ್ಬ ಹಣೆಯ ಚರ್ಮವನ್ನು ತಿರುವಿ ಇಳಿಸಿ ಆತನಿಗೆ ಮೂಗು ಕಟ್ಟಿಕೊಟ್ಟ. ಈ ಸಂಗತಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ವೈದ್ಯ ಅದನ್ನು ಅನುಸರಿಸಿದ. ಬೇರಿಂದ ಬಿಡಿಸದೆ ಜೀವಂತ ಚರ್ಮವನ್ನು ಸರಿಸುವ ಆ ವಿದ್ಯೆಯನ್ನು ಮೊದಲ ಮಹಾಯುದ್ಧದ ಗಾಯಾಳುಗಳ ಮೇಲೆ ಬಹುವಾಗಿ ಬೆಳೆಸಿದವನು ಹೆರಾಲ್ಡ್ ಗಿಲ್ಲೀಸ್.

1946ರಿಂದ 1949ರವರೆಗೆ ಗಿಲ್ಲೀಸನು ಮೈಕೆಲ್ ಡಿಲನ್ ಎಂಬ ವ್ಯಕ್ತಿಗೆ ಹದಿಮೂರು ಶಸ್ತ್ರಕ್ರಿಯೆಗಳನ್ನು ನಡೆಸಿದ. ಹೆಣ್ಣೆಂದು ಹುಟ್ಟಿದ ದೇಹ. ಒಳಗಿನ ಅರಿವು ಗಂಡು. ಲೋಕಕ್ಕೆ ತಿಳಿಯಬಾರದೆಂದು ಕಡತದಲ್ಲಿ ಹುಟ್ಟಿನ ಅಂಗದೋಷವೆಂಬ ಬೇರೊಂದು ಹೆಸರು ಬರೆಯಲಾಯಿತು. ಕೇಳಿದ ವೈದ್ಯ ದೊರೆತನು. ಕೇಳಿದ್ದನ್ನು ಬರೆಯುವ ಧೈರ್ಯಕ್ಕೆ ಕಾಲ ಬಂದಿರಲಿಲ್ಲ. ತಾನೇ ವೈದ್ಯನಾದ ಡಿಲನ್, 1958ರಲ್ಲಿ ಪತ್ರಿಕೆಗಳು ಗುಟ್ಟು ಬಯಲು ಮಾಡಿದಾಗ ಭಾರತಕ್ಕೆ ಬಂದು, ಬೌದ್ಧ ಶ್ರಾಮಣೇರನಾಗಿ, ಜೀವಕ ಎಂಬ ಹೆಸರು ತಾಳಿದ. ಬುದ್ಧನಿಗೆ ಚಿಕಿತ್ಸೆ ಮಾಡಿದ ವೈದ್ಯನ ಹೆಸರದು. 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡ.

ಮುಂದಿನ ಹೆಜ್ಜೆಗಳನ್ನು ಬೇಗ ಹೇಳಬಹುದು. 1952ರಲ್ಲಿ ಕ್ರಿಸ್ಟೀನ್ ಜಾರ್ಗನ್‌ಸನ್ನಳ ಸುದ್ದಿ ಕೋಪನ್‌ಹೇಗನ್ನಿನಿಂದ ಜಗತ್ತಿಗೆಲ್ಲ ಹರಡಿತು. 1979ರಲ್ಲಿ ಹ್ಯಾರಿ ಬೆಂಜಮಿನ್ ಹೆಸರಿನ ವೈದ್ಯರ ಸಂಘ ಶಸ್ತ್ರಕ್ಕೆ ಮುಂಚೆ ನಡೆಯಬೇಕಾದ ಪರಿಶೀಲನೆಗೆ ನಿಯಮಗಳನ್ನು ರಚಿಸಿತು. 2022ರಲ್ಲಿ ಅದರ ಎಂಟನೆಯ ಆವೃತ್ತಿ ಬಂತು. ಅದೇ ವರ್ಷ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ ಈ ಸ್ಥಿತಿಯನ್ನು ಮನೋರೋಗಗಳ ಅಧ್ಯಾಯದಿಂದ ಹೊರತೆಗೆಯಿತು. ನಮ್ಮ ದೇಶದಲ್ಲಿ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ, ಅದನ್ನು ಒಪ್ಪಲು ಶಸ್ತ್ರಕ್ರಿಯೆಯನ್ನು ಷರತ್ತಾಗಿಸುವುದು ಸಲ್ಲದು ಎಂದು ತೀರ್ಪಿತ್ತಿತು. ಜೋಗಪ್ಪಗಳ ರೂಢಿ ಹಿಂದಿನಿಂದಲೂ ಹೇಳುತ್ತ ಬಂದುದಕ್ಕೆ ಇದು ಎಷ್ಟು ಸಮೀಪ! 2019ರ ಕಾಯಿದೆ ಈ ಶಸ್ತ್ರಕ್ರಿಯೆಯನ್ನೂ, ಅದರ ಹಿಂದುಮುಂದಿನ ಆಪ್ತಸಮಾಲೋಚನೆಯನ್ನೂ ಸರಕಾರದ ಹೊಣೆಗಳಲ್ಲಿ ಸೇರಿಸಿತು. 2022ರಲ್ಲಿ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವಿಮೆಗೆ ಒಪ್ಪಂದವಾಯಿತು. ಇತ್ತ ಫಸಲಿ 1329ರ ಕಾಯಿದೆ ತೆಲಂಗಾಣದ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. 2023ರ ಜುಲೈಯಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಸಂವಿಧಾನಬಾಹಿರವೆಂದು ತೊಡೆದುಹಾಕಿತು. ಒಂದು ಶತಮಾನಕ್ಕೂ ಮೇಲೆ!

ಈಗ ಆ ಕೊಠಡಿಗೆ ಮರಳೋಣ. "ಏನು ಬೇಕು" ಎಂಬುದಕ್ಕೆ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ವೈದ್ಯರು ಅವಸರಿಸಲಿಲ್ಲ. ಕೊನೆಗೆ ಆಕೆ, "ನನಗ ನಾನು ಖರೇ ಅನಸಬೇಕ್ರಿ" ಎಂದಳು. ವೈದ್ಯರು ತಲೆದೂಗಿ, ಕಾಗದದ ಮೇಲೆ ಚಿತ್ರ ಬರೆದು ವಿವರಿಸತೊಡಗಿದರು. ಯಾವ ಅಂಗ ಹೋಗುತ್ತದೆ, ಯಾವ ಚರ್ಮದಿಂದ ಯಾವುದು ರೂಪುಗೊಳ್ಳುತ್ತದೆ. ವೃಷಣಗಳು ಹೋದ ಮೇಲೆ ಸ್ವಂತ ಬೀಜದ ಮಕ್ಕಳಾಗುವ ಮಾತಿಲ್ಲ, ಆಸೆಯಿದ್ದರೆ ಮೊದಲೇ ವೀರ್ಯ ಕಾದಿರಿಸಬೇಕು. ಎಲುಬು ಸವೆಯದಂತೆ ಹಾರ್ಮೋನು ಚಿಕಿತ್ಸೆ ದೀರ್ಘಕಾಲ ನಡೆಯಬೇಕು. ಕಟ್ಟಿದ ಮಾರ್ಗ ಮುಚ್ಚಿಕೊಳ್ಳದಂತೆ ವರ್ಷಗಟ್ಟಲೆ ಹಿಗ್ಗಿಸುವ ಸಾಧನ ಬಳಸಬೇಕು. ರಕ್ತಸ್ರಾವ, ನಂಜು, ಮೂತ್ರದ್ವಾರ ಕಿರಿದಾಗುವುದು, ವಿರಳವಾಗಿ ಕರುಳಿಗೆ ತೂತು ಬೀಳುವುದು, ಯಾವುದನ್ನೂ ಮರೆಮಾಚಲಿಲ್ಲ. ಮನೋವೈದ್ಯರ ಪತ್ರಗಳನ್ನೂ ರಕ್ತದ ವರದಿಗಳನ್ನೂ ಓದಿದರು. ತಂಬಾಕಿನ ಚಟವಿದೆಯೇ ಎಂದಾಗ ಆಕೆ ತಲೆ ತಗ್ಗಿಸಿದಳು. "ಅದನ್ನು ವಾರಗಳ ಮುಂಚೆಯೇ ಬಿಡಬೇಕು, ಸರಿಸಿದ ಚರ್ಮಕ್ಕೆ ರಕ್ತ ಹರಿಯದಿದ್ದರೆ ನನ್ನ ಕೆಲಸವೆಲ್ಲ ವ್ಯರ್ಥ" ಎಂದರು. ಕಡೆಗೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಮೇಜಿನ ಮೇಲೆ ಮಲಗುವ ಗಳಿಗೆಯವರೆಗೂ ನೀವು ಬೇಡವೆನ್ನಬಹುದು. ಮಾಡಿಸಿಕೊಳ್ಳದಿದ್ದರೂ ನೀವು ಹೆಣ್ಣಲ್ಲವೆಂದು ನಾನು ಹೇಳುವುದಿಲ್ಲ."

ಫಸಲಿ 1329ರ ತಪಾಸಣೆಗೂ ಈ ಮಾತಿಗೂ ಇರುವ ಅಂತರವೇ ನಾನು ಹೇಳಹೊರಟ ಚರಿತ್ರೆ. ಶಸ್ತ್ರ ಎರಡೂ ಕಡೆ ಇರಬಹುದು, ವೈದ್ಯನೂ ಇರಬಹುದು. ಉತ್ತರ ಯಾರದೆಂಬುದು ಮಾತ್ರ ಬೇರೆಯಾಗಿದೆ. ಹಾಗೆಂದು ದಾರಿ ಮುಗಿದಿಲ್ಲ. ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಜೇವರ್ಗಿಯ ರೈತನ ಮಗಳು ಇಡೀ ರಾತ್ರಿ ರೈಲಿನಲ್ಲಿ ಕೂರಬೇಕಾಯಿತು. ದಾರಿಖರ್ಚು ಹೊಂದದವರೂ, ಜೊತೆಗೆ ಬರುವವರಿಲ್ಲದವರೂ ಇನ್ನೂ ಎಲ್ಲಿಗೆ ಹೋಗುತ್ತಾರೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ನಿಮಗೇನಾದರೂ ಕೇಳುವುದಿದೆಯೇ ಎಂದು ವೈದ್ಯರು ಆಕೆಯನ್ನು ಕೇಳಿದರು. "ಆದಮ್ಯಾಲ ಎಷ್ಟ ದಿನಕ್ಕ ಹೊಲದಾಗ ಕೆಲಸ ಮಾಡಬಹುದ್ರಿ? ತೊಗರಿ ರಾಶಿಗೆ ಅವ್ವ ಒಬ್ಬಾಕೀನೇ ಅದಾಳ್ರಿ." ಭಾರ ಎತ್ತುವ ಕೆಲಸಕ್ಕೆ ಕೆಲವು ತಿಂಗಳು ಹಿಡಿಯಬಹುದೆಂದರು. "ಹಂಗಾದ್ರ ರಾಶಿ ಆದಮ್ಯಾಲ ಬರ್ತೀನ್ರಿ" ಎಂದಳು. ಆ ದಿನವನ್ನು ಆಕೆಯೇ ಗೊತ್ತುಮಾಡಿದಳು.

ಮರಳಿ ಬಂದ ಮೇಲೆ ಆಕೆಯನ್ನು ಊರಿಗೆ ಮುಟ್ಟಿಸಲು ಜೇವರ್ಗಿಯ ಬಸ್ಸು ಹತ್ತಿದೆ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಸ್ಸು ಸಾಗುವಾಗ, ಕೆಳಗೆ ತುಂಬಿದ ಭೀಮೆ. ಆಗ ನಾನು ಹದಿನೇಳು ವರ್ಷ ತಡವಾದ ಪ್ರಶ್ನೆಯನ್ನು ಕೇಳಿದೆ: "ಅವತ್ತ ಹುಡುಗ್ಯಾರ ಸಾಲಿನ್ಯಾಗ ಯಾಕ ಕುಂತಿದ್ದೆವ್ವ?"

ಆಕೆ ಕಿಟಕಿಯಿಂದ ಮುಖ ತಿರುಗಿಸಿ ನಕ್ಕಳು. "ನನ್ನ ಜಾಗಾ ಅಲ್ಲೇ ಇತ್ತಲ್ರಿ ಸರ್" ಎಂದಳು.